ರಮ್ಲತ್ ಕಿವಿಗೆ ಬಿದ್ದ ಬಾವಲಿ

ರಮ್ಲತ್ ಮದುವೆಯಾಗಿ ಸೌದಿಯ ತಾಯಿಫಿಗೆ ಬಂದ ದಿನ ಅವಳ ಸೂಟ್‌ಕೇಸನ್ನು ಮೇಲಕ್ಕೆ ಸಾಗಿಸಿದ್ದು ನನ್ನ ಗಂಡ. "ಇದರಲ್ಲಿ ಎಂತ ಕಲ್ಲು ತುಂಬಿಸಿದ್ದಾರಾ?" ಎಂದು ಏದುಸಿರು ಬಿಡುತ್ತಾ ಕೆಳಗೆ ಬಂದರು. ಕಲ್ಲಲ್ಲ, ಪುಸ್ತಕ. ಮಂಗಳೂರಿನಲ್ಲಿ ಕಿವಿ ಮತ್ತು ಮಾತಿನ ತೊಂದರೆಗಳ ಬಗ್ಗೆ ಪದವಿ ಮಾಡಿದ ಹುಡುಗಿ ಅವಳು. ಯಾರಿಗೆ ಎಷ್ಟು ಕೇಳುತ್ತದೆ, ಎಲ್ಲಿಂದಾಚೆ ಕೇಳುವುದಿಲ್ಲ ಎಂದು ಪರೀಕ್ಷೆ ಮಾಡುವುದು ಅವಳು ಕಲಿತ ಕೆಲಸ.

ಅವಳ ಗಂಡ ಮೊಹಿದ್ದೀನ್ ಉಳ್ಳಾಲದ ಕಡೆಯವನು, ಎ.ಸಿ. ಮೆಕ್ಯಾನಿಕ್. ಇಲ್ಲಿಗೆ ಬರುವ ಮೊದಲು ರಿಯಾದಿನ ಮಲಾಜ್‌ನಲ್ಲಿ ವರ್ಷಗಟ್ಟಲೆ ದೊಡ್ಡ ದೊಡ್ಡ ಯಂತ್ರಗಳ ಕೋಣೆಯಲ್ಲಿ ದುಡಿದವನು. ಮಾತು ಕಮ್ಮಿ, ಧ್ವನಿ ಮಾತ್ರ ಜೋರು. ಅವರು ಮೂರನೇ ಮಹಡಿ, ನಾವು ಎರಡನೆಯದು. ಅವನು ಹೆಂಡತಿಗೆ "ಚಾ ಆಯಿತಾ?" ಎಂದು ಕೇಳಿದರೆ ನಾನು ನಮ್ಮ ಮನೆಯಲ್ಲಿ ಉತ್ತರ ಕೊಡಬಹುದಿತ್ತು.

ಓದಿದ ಕೆಲಸ ಮಾಡುವ ಆಸೆ ರಮ್ಲತ್‌ಗೆ ತುಂಬಾ ಇತ್ತು. ಆದರೆ ಗಂಡನ ಜೊತೆ ಬಂದ ಹೆಂಗಸರ ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ಆಗ ಕೆಲಸಕ್ಕೆ ಅನುಮತಿಯಿಲ್ಲ ಎಂದೇ ಬರೆದಿರುತ್ತಿತ್ತು. ಮಕ್ಕಳಾಗಲಿಲ್ಲ. ಜಿದ್ದಾದ ಡಾಕ್ಟರಿಗೂ ತೋರಿಸಿದರು, ರಜೆಯಲ್ಲಿ ಮಂಗಳೂರಿನಲ್ಲೂ ತೋರಿಸಿದರು. ಬೆಳಿಗ್ಗೆ ಗಂಡ ಹೊರಟ ಮೇಲೆ ಸಂಜೆಯವರೆಗೆ ಅವಳು ಒಬ್ಬಳೇ. ನಾನು ಕರೆದರೆ ಕೆಳಗೆ ಬರುವಳು, ಬೀನ್ಸಿನ ನಾರು ತೆಗೆದುಕೊಡುವಳು, ನಗುವಳು. ಆದರೆ ಆ ನಗು ಮೆಟ್ಟಿಲು ಹತ್ತುವಷ್ಟರಲ್ಲಿ ಆರಿಹೋಗುತ್ತಿತ್ತು ಅಂತ ನನಗೆ ಗೊತ್ತಿತ್ತು.

ಒಂದು ಬೇಸಿಗೆಯ ಸಂಜೆ, ಸೂರ್ಯ ಮುಳುಗಿದಾಗಿನ ಮಗ್ರಿಬ್ ನಮಾಜ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಒಣಗಿದ ಬಟ್ಟೆ ತೆಗೆಯಲು ಕಟ್ಟಡದ ತಾರಸಿಗೆ ಹೋಗಿದ್ದ ರಮ್ಲತ್ ಓಡಿಬಂದು ನನ್ನ ಕೈ ಹಿಡಿದು ಎಳೆದಳು.

"ಮಾಮಿ, ಒಮ್ಮೆ ಬನ್ನಿ. ಒಂದು ಶಬ್ದ ಉಂಟು. ಗ್ಯಾಸ್ ಲೈಟರನ್ನು ಯಾರೋ ದೂರದಲ್ಲಿ ಒತ್ತುತ್ತಾ ಇದ್ದ ಹಾಗೆ. ಟಿಕ್, ಟಿಕ್, ಟಿಕ್ ಅಂತ. ಆಕಾಶದಿಂದ ಬರ್ತದೆ!"

ನಾನು ಹೋಗಿ ನಿಂತೆ. ಎದುರಿನ ಬೂಫಿಯಾದಲ್ಲಿ, ಆ ಚಾ-ತಿಂಡಿ ಅಂಗಡಿಯಲ್ಲಿ, ಜ್ಯೂಸ್ ಮಾಡುವ ಮಿಕ್ಸಿ ಕೇಳಿತು, ರಸ್ತೆಯ ಹಾರ್ನ್ ಕೇಳಿತು. ಬೇರೆ ಏನೂ ಕೇಳಲಿಲ್ಲ.

"ಅದೋ, ಈಗ ನಮ್ಮ ತಲೆ ಮೇಲೆಯೇ ಹೋಯಿತಲ್ಲ!" ಎಂದಳು.

"ನನಗೆ ಇಲ್ಲ ಮಾರಾಯ್ತಿ," ಎಂದೆ.

ಮೊಹಿದ್ದೀನನಿಗೂ ಕೇಳಲಿಲ್ಲ. ಮೊದಮೊದಲು ಅವನು ನಕ್ಕ. ಅವಳು ದಿನಾ ಅದೇ ಮಾತಾಡತೊಡಗಿದಾಗ ಹೆದರಿದ. ಫೋನಿನಲ್ಲಿ ಅವಳ ಉಮ್ಮ, "ಒಬ್ಬಳೇ ಕೂತು ಕೂತು ಹೀಗೆ ಆಗಿದೆ. ಊರಿಗೆ ಬಾ ಮಗಳೇ, ಯಾರಿಗಾದರೂ ತೋರಿಸುವ," ಎಂದರು. ಕಟ್ಟಡದ ಹೆಂಗಸರು ಪಿಸುಗುಟ್ಟಿದರು. ರಮ್ಲತ್‌ಗೂ ಅನುಮಾನ ಬಂತು. ಹೊರಗೆ ಶಬ್ದವಿಲ್ಲದೆಯೂ ಕಿವಿಯೊಳಗೆ ಗುಂಯ್ ಎನ್ನುವ ಕಾಯಿಲೆ ಉಂಟು, ಅದನ್ನು ಅವಳು ಓದಿದ್ದಳು. ಹಾಗಾಗಿ ಒಂದು ಸಂಜೆ ಶಬ್ದ ಬಂದ ಕೂಡಲೇ ಎರಡು ಕಿವಿಗೂ ಹೆಬ್ಬೆರಳು ಒತ್ತಿಹಿಡಿದಳು. ಶಬ್ದ ನಿಂತಿತು. ಬೆರಳು ತೆಗೆದಳು, ಮತ್ತೆ ಬಂತು. ಒಳಗಿನದಾದರೆ ಕಿವಿ ಮುಚ್ಚಿದಾಗ ಜಾಸ್ತಿಯಾಗಬೇಕಿತ್ತು. ಅಂದರೆ ಇದು ಹೊರಗಿನದೇ. ಅಷ್ಟು ಗೊತ್ತಾದ ಮೇಲೆ ಅವಳು ಯಾರಿಗೂ ಹೇಳಲು ಹೋಗಲಿಲ್ಲ. ಬಟ್ಟೆ ತೆಗೆಯುವ ನೆಪದಲ್ಲಿ ಹೋಗಿ ಸುಮ್ಮನೆ ಕೇಳಿ ಬರುತ್ತಿದ್ದಳು.

ಆಮೇಲೆ ಕಾನೂನು ಸಡಿಲಾಯಿತು. ಗಂಡನ ಇಕಾಮಾದ ಮೇಲೆ ಇರುವ ಹೆಂಗಸರೂ ಅನುಮತಿ ಪಡೆದು ಕೆಲಸಕ್ಕೆ ಸೇರಬಹುದು ಎಂದಾಯಿತು. ಪೇಟೆಯ ಒಂದು ಖಾಸಗಿ ಕಿವಿ-ಮೂಗು-ಗಂಟಲು ಕ್ಲಿನಿಕ್ಕಿನಲ್ಲಿ ರಮ್ಲತ್‌ಗೆ ಅರ್ಧ ದಿನದ ಕೆಲಸ ಸಿಕ್ಕಿತು. ಶಬ್ದ ಬಾರದ ಹಾಗೆ ಗೋಡೆ ಕಟ್ಟಿದ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬೇರೆ ಬೇರೆ ಸ್ವರ ಕೇಳಿಸುವುದು. ಕೇಳಿದರೆ ರೋಗಿ ಗುಂಡಿ ಒತ್ತಬೇಕು. ಕೆಲಸಕ್ಕೆ ಸೇರಿದ ವಾರ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತುವುದನ್ನು ನಾನು ನೋಡಿದೆ.

ಅಲ್ಲಿಗೇ ಒಂದು ಬೆಳಿಗ್ಗೆ ಹಮ್ಮಾದ್ ಎಂಬ ಮುದುಕರು ಬಂದರು. ಶಫಾ ಬೆಟ್ಟದವರು, ಗುಲಾಬಿ ತೋಟದ ಮಾಲೀಕರು. ಜೊತೆಗೆ ಮಗಳು ಅರ್ವಾ. ಪರೀಕ್ಷೆ ಮುಗಿಸಿ ರಮ್ಲತ್ ತನಗೆ ಬರುವ ಅರಬಿಯಲ್ಲಿ, "ಬಾಬಾ, ದಪ್ಪ ಸ್ವರ ನಿಮಗೆ ಚೆನ್ನಾಗಿ ಕೇಳ್ತದೆ. ಸೀಟಿಯಂಥ ಸಣ್ಣ ಸ್ವರ ಹೋಗಿದೆ. ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ," ಎಂದಳು.

ಮುದುಕರು ತಲೆಯಾಡಿಸಿದರು. "ಎಷ್ಟೋ ಹೋಗಿದೆ, ಮಗಳೇ. ನಾನು ಆಡು ಮೇಯಿಸುವ ಕಾಲದಲ್ಲಿ ಸಂಜೆಯಾದರೆ ಬಂಡೆಯ ಮೇಲಿನ ಆಕಾಶ ಟಿಕ್ ಟಿಕ್ ಅನ್ನುತ್ತಿತ್ತು. ಈಗ ಆ ಜೀವಿಯೂ ಇಲ್ಲ. ರಸ್ತೆ ಬಂತು, ಲೈಟು ಬಂತು, ಅದು ಹೊರಟುಹೋಯಿತು."

ರಮ್ಲತ್‌ಳ ಕೈಯಲ್ಲಿದ್ದ ಹೆಡ್‌ಫೋನ್ ಅಲ್ಲೇ ನಿಂತಿತು.

"ಹೊರಟುಹೋಗಿಲ್ಲ ಬಾಬಾ," ಎಂದಳು. "ನಿನ್ನೆ ಸಂಜೆ ಕೂಡ ನಾನು ಕೇಳಿದೆ."

ಮುದುಕರಿಗಿಂತ ಮೊದಲು ಎದ್ದು ನಿಂತದ್ದು ಮಗಳು. "ಎಲ್ಲಿ? ಎಲ್ಲಿ ಕೇಳಿದಿರಿ?"

ಅರ್ವಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು ಎಂಬುದು ಆಗ ತಿಳಿಯಿತು. ಅವರ ಅಧ್ಯಯನ ಬಾವಲಿಗಳ ಬಗ್ಗೆ. ಬಾವಲಿ ಕೂಗಿ, ಆ ಕೂಗು ಎದುರಿನ ವಸ್ತುವಿಗೆ ತಾಗಿ ಮರಳುವುದನ್ನು ಕೇಳಿಕೊಂಡು ಕತ್ತಲಲ್ಲಿ ಹಾರುತ್ತದೆ. ಹೆಚ್ಚಿನ ಬಾವಲಿಗಳ ಕೂಗು ಮನುಷ್ಯರ ಕಿವಿಗೆ ನಿಲುಕದಷ್ಟು ಸಣ್ಣ ಸ್ವರ. ಕೆಲವೇ ಕೆಲವು ಜಾತಿಯದ್ದು ಕಿವಿ ಚುರುಕಿದ್ದವರಿಗೆ ಕೇಳುತ್ತದೆ. ಬಂಡೆಗಳ ಸೀಳಿನಲ್ಲಿ ವಾಸಿಸುವ ಉದ್ದ ಬಾಲದ ಒಂದು ಬಾವಲಿ ಅಂಥದ್ದು. ಅದು ತಾಯಿಫಿನ ಸುತ್ತ ಇರಬಹುದು ಎಂದು ಅವರು ಹುಡುಕುತ್ತಿದ್ದರು. ಆದರೆ ಅವರ ನಕ್ಷೆಯಲ್ಲಿ ಈ ಬೆಟ್ಟಸಾಲು ಖಾಲಿ ಇತ್ತು.

"ಖಾಲಿ ಅಂದರೆ ಪ್ರಾಣಿ ಇಲ್ಲ ಅಂತಲ್ಲ," ಎಂದು ಅರ್ವಾ ಆಮೇಲೆ ನಮ್ಮ ತಾರಸಿಯಲ್ಲಿ ಚಾ ಕುಡಿಯುತ್ತಾ ವಿವರಿಸಿದರು. "ಯಾರೂ ಹೋಗಿ ಕೇಳಿಲ್ಲ ಅಂತ ಅರ್ಥ."

ಅವರು ಓದಿದ್ದು ಅಮೆರಿಕದ ಪಶ್ಚಿಮ ಭಾಗದಲ್ಲಿ. ಅಲ್ಲಿ ಚುಕ್ಕೆ ಬಾವಲಿ ಎಂಬುದೊಂದು ಉಂಟಂತೆ. ಕಪ್ಪು ಬೆನ್ನಿನ ಮೇಲೆ ಮೂರು ಬಿಳಿ ಚುಕ್ಕೆ, ಮೊಲದಂಥ ದೊಡ್ಡ ಗುಲಾಬಿ ಕಿವಿ. ಅದರ ಕೂಗೂ ಮನುಷ್ಯರಿಗೆ ಕೇಳುತ್ತದೆ. ಬಹಳ ಕಾಲ ಅದು ಅಪರೂಪದ ಪ್ರಾಣಿ ಎಂದೇ ಎಲ್ಲರೂ ನಂಬಿದ್ದರು, ಏಕೆಂದರೆ ಅದು ಎತ್ತರದಲ್ಲಿ ಹಾರುತ್ತದೆ, ಬಲೆಗೆ ಬೀಳುವುದೇ ಕಮ್ಮಿ. ಆಮೇಲೆ ಜನ ಕಣಿವೆ ಕಣಿವೆಗೆ ಹೋಗಿ ನಿಂತು ಬರೀ ಕಿವಿಯಿಂದ ಕೇಳತೊಡಗಿದರು. ಕೇಳಿದಲ್ಲೆಲ್ಲ ನಕ್ಷೆಯ ಮೇಲೆ ಒಂದೊಂದು ಗುರುತು ಹಾಕುತ್ತಾ ಹೋದಾಗ, ಅದು ಅಂದುಕೊಂಡದ್ದಕ್ಕಿಂತ ಎಷ್ಟೋ ದೂರದವರೆಗೆ ಇದೆ ಎಂದು ಗೊತ್ತಾಯಿತು. ಅರ್ವಾ ಕೂಡ ವಿದ್ಯಾರ್ಥಿನಿಯಾಗಿದ್ದಾಗ ಹಾಗೆ ಎಷ್ಟೋ ಸಂಜೆ ಬಂಡೆಯ ಕೆಳಗೆ ನಿಂತವರು.

"ಈಗ ನನಗೆ ಕೇಳುವುದಿಲ್ಲ," ಎಂದು ನಕ್ಕರು. "ನನಗೆ ಐವತ್ತಾಯಿತು. ನಿಮ್ಮ ಕಿವಿ ಬೇಕು ರಮ್ಲತ್. ಆದರೆ ಕಿವಿಯ ಮಾತನ್ನು ಯಾರೂ ಒಪ್ಪುವುದಿಲ್ಲ, ರೆಕಾರ್ಡಿಂಗ್ ಬೇಕು."

ತಾರಸಿಯ ಮೂಲೆಯಲ್ಲಿ, ನೀರಿನ ಟ್ಯಾಂಕಿಗೆ ಕಟ್ಟಿ, ಒಂದು ಪುಟ್ಟ ಪೆಟ್ಟಿಗೆ ಇಟ್ಟರು. ಮನುಷ್ಯರಿಗೆ ಕೇಳದ ಸ್ವರವನ್ನೂ ಹಿಡಿಯುವ ರೆಕಾರ್ಡರ್ ಅದು. ಮೊದಲ ಸಂಜೆ ಗಾಳಿ ಮಾತ್ರ ಸಿಕ್ಕಿತು. ಎರಡನೆಯ ಸಂಜೆ ಎ.ಸಿ.ಗಳ ಗುಂಯ್ ಶಬ್ದ. ಆ ವಾರವೇ ಕಟ್ಟಡದ ಮಾಲೀಕರು ಫೋನ್ ಮಾಡಿದರು. ತಾರಸಿಯಲ್ಲಿ ಕ್ಯಾಮೆರಾ ಇಟ್ಟಿದ್ದಾರೆ, ಪಕ್ಕದ ಮನೆಗಳ ಹೆಂಗಸರು ಕಾಣುತ್ತಾರೆ ಎಂದು ಯಾರೋ ದೂರು ಕೊಟ್ಟಿದ್ದರು. ಅರ್ವಾ ತಾವೇ ಬಂದು ಪೆಟ್ಟಿಗೆ ಬಿಚ್ಚಿ ತೋರಿಸಿದರು. ಮಾಲೀಕರು ಮರ್ಯಾದೆಯಿಂದಲೇ ಕೇಳಿಕೊಂಡರು. "ಸರಿ ಡಾಕ್ಟರ್, ಕ್ಯಾಮೆರಾ ಅಲ್ಲ. ಆದರೂ ತೆಗೆಯಿರಿ. ನೆರೆಯವರಿಗೆ ನಾನು ಒಬ್ಬೊಬ್ಬರಿಗೇ ಹೇಳಿಕೊಂಡು ತಿರುಗಲಾರೆ," ಎಂದರು.

ಆ ರಾತ್ರಿ ಮೊಹಿದ್ದೀನ್ ಹೆಂಡತಿಯ ಮೇಲೆ ರೇಗಿದ್ದು ನನಗೆ ಕೆಳಗೆ ಕೇಳಿತು. "ನಾವು ಹೊರಗಿನವರು. ನಾಳೆ ವೀಸಾ ಕೊಟ್ಟ ನನ್ನ ಕಫೀಲ್‌ಗೆ ಫೋನ್ ಹೋದರೆ? ಒಂದು ಬಾವಲಿಗೆ ಬೇಕಾಗಿ ಮನೆ ಬಿಡಬೇಕಾ?"

ಅವಳು ಏನು ಉತ್ತರ ಕೊಟ್ಟಳೋ ಕೇಳಲಿಲ್ಲ. ಅವಳ ಧ್ವನಿ ಮೊದಲೇ ಸಣ್ಣದು.

ಚಳಿಗಾಲ ಬಂತು. ತಾಯಿಫಿನ ಚಳಿ ನಮ್ಮ ಕರಾವಳಿಯ ಮೈಗೆ ಹೇಳಿದ್ದಲ್ಲ. ಆಕಾಶ ಪೂರ್ತಿ ಮೌನವಾಯಿತು. ಹುಳ ಹಾರದ ಚಳಿಯಲ್ಲಿ ಬಾವಲಿಯೂ ಹೊರಗೆ ಬರುವುದು ಕಮ್ಮಿ ಎಂದು ಅರ್ವಾ ಫೋನಿನಲ್ಲಿ ಸಮಾಧಾನ ಹೇಳಿದರು. ಆದರೆ ರಮ್ಲತ್ ಒಂದು ದಿನ ನನ್ನ ಅಡುಗೆಮನೆಯಲ್ಲಿ ಕುಳಿತು, "ಮಾಮಿ, ನೀವೆಲ್ಲ ಹೇಳಿದ್ದೇ ಸರಿಯೋ ಏನೋ. ಪಾಪ, ಅವರ ಸಮಯವನ್ನೂ ಹಾಳು ಮಾಡಿದೆ," ಎಂದಳು. ನನಗೆ ಸಂಕಟವಾಯಿತು. ಆ ಮಾತನ್ನು ಹಾಗೆಯೇ ಮೊಹಿದ್ದೀನನಿಗೆ ಮುಟ್ಟಿಸಿದೆ. ಅವನು ಟೂಲ್ ಬ್ಯಾಗ್ ಹೆಗಲಿಗೇರಿಸಿ ಹೋದ.

ಏಪ್ರಿಲ್ ಬಂತು, ಗುಲಾಬಿ ಕೊಯ್ಲಿನ ಸಮಯ. ಎ.ಸಿ. ಕೆಲಸ ಜೋರಾಗುವ ಹೊತ್ತು, ಶುಕ್ರವಾರವೂ ಬಿಡುವಿಲ್ಲ. ಅಂಥ ಒಂದು ಶುಕ್ರವಾರ ಮೊಹಿದ್ದೀನ್ ಇಳಿಹೊತ್ತಿನ ಅಸರ್ ನಮಾಜ್ ಆಗುತ್ತಲೇ ಮನೆಗೆ ಬಂದು, ಕೈಗೆ ಅಂಟಿದ ಗ್ರೀಸ್ ತೊಳೆಯುತ್ತಾ ಹೆಂಡತಿಯನ್ನು ಕೇಳಿದ.

"ಆ ಶಬ್ದ ಯಾವ ಕಡೆಯಿಂದ ಬರ್ತಿತ್ತು?"

"ಯಾವಾಗಲೂ ಹದಾದ ಕಡೆಯಿಂದ. ಪಶ್ಚಿಮದಿಂದ. ಯಾಕೆ?"

"ಹಾಗಾದರೆ ಅದರ ಮನೆ ಅಲ್ಲೇ ಇರಬೇಕಲ್ಲ. ನಮ್ಮ ತಾರಸಿಯಲ್ಲಿ ಯಾಕೆ ಹುಡುಕುವುದು? ಅರ್ವಾ ಡಾಕ್ಟರಿಗೆ ಫೋನ್ ಮಾಡು. ಯಲ್ಲಾ, ಹೊರಡು."

ನನ್ನನ್ನೂ ಕರೆದುಕೊಂಡು ಹೋದರು. ಹದಾ ಅಂದರೆ ಬೆಟ್ಟದ ಅಂಚು. ಅಲ್ಲಿಂದ ಮಕ್ಕಾ ಕಡೆಗೆ ರಸ್ತೆ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುತ್ತದೆ. ದಾರಿಬದಿಯಲ್ಲಿ ಮಂಗಗಳು ಸಾಲಾಗಿ ಕುಳಿತಿದ್ದವು, ಕುಟುಂಬಗಳು ಚಾಪೆ ಹಾಸಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದವು. ಅರ್ವಾ ಅಪ್ಪನನ್ನೂ ಕರೆತಂದಿದ್ದರು. ಜನರಿಂದ ದೂರ, ದೊಡ್ಡ ಬಂಡೆಯ ತುದಿಯಲ್ಲಿ ಮಗ್ರಿಬ್ ನಮಾಜ್ ಮುಗಿಸಿ ಕಾದೆವು. ಕೆಳಗಿನ ಕಣಿವೆ ನೀಲಿಯಾಯಿತು, ಆಮೇಲೆ ಬೂದು ಬಣ್ಣಕ್ಕೆ ತಿರುಗಿತು.

ರಮ್ಲತ್ ಕೈ ಎತ್ತಿದಳು.

"ಬಂತು," ಎಂದಳು ಮೆಲ್ಲಗೆ. "ಒಂದು. ಅಲ್ಲ, ಎರಡು. ಎಡಗಡೆಯ ಬಂಡೆಯಿಂದ ಹೊರಟಿವೆ."

ಅರ್ವಾ ಪೆಟ್ಟಿಗೆಯನ್ನು ಅತ್ತ ತಿರುಗಿಸಿದರು. ಅದರ ಪುಟ್ಟ ಪರದೆಯ ಮೇಲೆ ಗೀರುಗಳು ಒಂದರ ಹಿಂದೊಂದು ಮೂಡತೊಡಗಿದವು. ಅವಳು "ಈಗ" ಎಂದಾಗಲೆಲ್ಲ ಗೀರು, ಅವಳು ಸುಮ್ಮನಾದಾಗ ಪರದೆ ಖಾಲಿ. ಅರ್ವಾ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡರು. "ಮಾಶಾ ಅಲ್ಲಾಹ್, ಮಾಶಾ ಅಲ್ಲಾಹ್," ಎನ್ನುತ್ತಾ ರಮ್ಲತ್‌ಳ ಹೆಗಲನ್ನು ಬಿಗಿಯಾಗಿ ಹಿಡಿದರು. ರಮ್ಲತ್ ಅಳುತ್ತಿದ್ದಳು. ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ "ಈಗ... ಈಗ..." ಎನ್ನುತ್ತಲೇ ಇದ್ದಳು.

ಆ ಯಂತ್ರದಲ್ಲಿ ಇನ್ನೊಂದು ಅನುಕೂಲವಿತ್ತು. ಹಿಡಿದ ಶಬ್ದವನ್ನು ನಿಧಾನ ಮಾಡಿ, ದಪ್ಪ ಸ್ವರಕ್ಕೆ ಇಳಿಸಿ ಕೇಳಿಸಬಹುದು. ಅರ್ವಾ ಇಯರ್‌ಫೋನನ್ನು ಮೊದಲು ಅಪ್ಪನ ಕಿವಿಗಿಟ್ಟರು. ಹಮ್ಮಾದ್ ಮುದುಕರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

"ಅದೇ," ಎಂದರು. "ಆದರೆ ಸ್ವರ ದಪ್ಪವಾಗಿದೆ. ಪಾಪ, ಅವಕ್ಕೂ ನನ್ನ ಹಾಗೆ ವಯಸ್ಸಾಗಿದೆ."

ಎಲ್ಲರೂ ನಕ್ಕೆವು. ಆಮೇಲೆ ಮೊಹಿದ್ದೀನ್ ಕೇಳಿದ, ನಾನೂ ಕೇಳಿದೆ. ಬಾವಿಗೆ ಒಂದೊಂದೇ ಕಲ್ಲು ಬಿದ್ದ ಹಾಗಿತ್ತು. ಮೊಹಿದ್ದೀನ್ ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಜನ್ಮದಲ್ಲೇ ಮೊದಲ ಬಾರಿಗೆ ಮೆಲುದನಿಯಲ್ಲಿ ಮಾತಾಡಿದ.

"ಇಷ್ಟು ವರ್ಷ ನೀನು ಇದನ್ನಾ ಕೇಳ್ತಿದ್ದದ್ದು? ನಾನು ಎಂತೆಂತದೋ ಗ್ರಹಿಸಿದೆ."

"ನಿಮ್ಮದು ತಪ್ಪಲ್ಲ," ಎಂದಳು ರಮ್ಲತ್. ಒಂದು ಕ್ಷಣ ಅವನ ಮುಖವನ್ನೇ ನೋಡಿ, "ನಿಮ್ಮ ಕಿವಿಯನ್ನು ನಾನು ಒಮ್ಮೆಯೂ ಟೆಸ್ಟ್ ಮಾಡಲಿಲ್ಲ ಅಲ್ಲವಾ?" ಎಂದಳು.

ಮರುದಿನವೇ ಕ್ಲಿನಿಕ್ಕಿಗೆ ಕರೆದೊಯ್ದಳು. ಯಂತ್ರಗಳ ಕೋಣೆಯಲ್ಲಿ ಕಳೆದ ವರ್ಷಗಳು ಅವನ ಕಿವಿಯನ್ನು ಅರ್ಧ ತಿಂದುಹಾಕಿದ್ದವು. ಜೋರಾಗಿ ಮಾತಾಡುವುದು ಅವನ ಸ್ವಭಾವವಲ್ಲ, ತನ್ನ ಧ್ವನಿಯೇ ತನಗೆ ಸರಿಯಾಗಿ ಕೇಳದೆ ಹಾಗಾಗಿತ್ತು. ಈಗ ಅವನು ಶ್ರವಣ ಸಾಧನ ಹಾಕುತ್ತಾನೆ, ಕೆಲಸಕ್ಕೆ ಹೋಗುವಾಗ ಕಿವಿಗೆ ರಕ್ಷಣೆಯ ಮುಚ್ಚಳ ಒಯ್ಯುತ್ತಾನೆ, ತನ್ನ ಜೊತೆಯ ಹುಡುಗರಿಗೂ ಬೈದು ಹಾಕಿಸುತ್ತಾನೆ. ಅವರ ಮನೆಯ ಚಾ ಆಯಿತೋ ಇಲ್ಲವೋ ನನಗೀಗ ತಿಳಿಯುವುದಿಲ್ಲ.

ಹದಾದ ಆ ಒಂದು ಸಂಜೆಯಿಂದ ಅರ್ವಾ ಅವರ ನಕ್ಷೆಯಲ್ಲಿ ಒಂದೇ ಒಂದು ಗುರುತು ಬಿತ್ತು. ಬೆಟ್ಟಸಾಲು ಇಲ್ಲಿಂದ ದಕ್ಷಿಣಕ್ಕೆ ಬಾಹಾ ದಾಟಿ ಅಬಹಾದವರೆಗೂ ಹೋಗುತ್ತದೆ. ಪ್ರತಿ ಶುಕ್ರವಾರ ಮೊಹಿದ್ದೀನ್‌ನಿಂದ ಬರಲಾಗುತ್ತಿರಲಿಲ್ಲ. ಹಾಗಾಗಿ ರಮ್ಲತ್ ಡ್ರೈವಿಂಗ್ ಕಲಿಯಲು ಹೊರಟಳು. ಮೊದಲ ಪರೀಕ್ಷೆಯಲ್ಲಿ ಫೇಲಾಗಿ ಮೂತಿ ಊದಿಸಿಕೊಂಡು ಬಂದಳು, ಎರಡನೆಯದರಲ್ಲಿ ಪಾಸಾಗಿ ಕಟ್ಟಡಕ್ಕೆಲ್ಲ ಲಡ್ಡು ಹಂಚಿದಳು. ಮಾಲೀಕರ ಮನೆಗೂ ಕೊಟ್ಟಳು. ಸೆಕೆಂಡ್ ಹ್ಯಾಂಡ್ ಕಾರು ಬಂತು. ಮೊದಲ ಸಲ ಮಂಜಿನಲ್ಲಿ ಶಫಾದ ತಿರುವು ಹತ್ತುವಾಗ ಪಕ್ಕದಲ್ಲಿ ಕುಳಿತ ನಾನು ಗೊತ್ತಿದ್ದ ದುಆಗಳನ್ನೆಲ್ಲ ಓದಿದೆ.

"ಮಾಮಿ, ಸ್ವಲ್ಪ ಮೆಲ್ಲಗೆ ಓದಿ. ನನಗೆ ಇಂಜಿನ್ ಕೇಳಬೇಕು," ಎಂದಳು ಅವಳು.

ಎಲ್ಲ ಸಂಜೆಯೂ ಹದಾದ ಹಾಗಿರಲಿಲ್ಲ. ಬಾಹಾ ಹತ್ತಿರದ ಒಂದು ಹಳ್ಳಿಯಲ್ಲಿ ರಮ್ಲತ್ "ಬಂತು, ತುಂಬಾ ಉಂಟು" ಎಂದು ಕುಣಿದುಬಿಟ್ಟಳು. ರೆಕಾರ್ಡಿಂಗ್ ತೆಗೆದು ನೋಡಿದರೆ ಅದು ಕಲ್ಲುಗೋಡೆಯ ಸಂದಿಯಲ್ಲಿ ಕುಳಿತ ಯಾವುದೋ ಮಿಡತೆ. ದಾರಿಯುದ್ದಕ್ಕೂ ಅವಳ ಮುಖ ಕೆಂಪಾಗಿತ್ತು. ಅರ್ವಾ ನಗುತ್ತಾ, "ಅಮೆರಿಕದಲ್ಲಿ ನಾನು ಒಂದಿಡೀ ವಾರ ತೋಟಕ್ಕೆ ನೀರು ಚಿಮ್ಮಿಸುವ ಪೈಪನ್ನು ಬಾವಲಿ ಅಂತ ಬರೆದುಕೊಂಡಿದ್ದೆ," ಎಂದರು. ಕೆಲವು ಕಣಿವೆಗಳಲ್ಲಿ ಏನೂ ಸಿಗಲಿಲ್ಲ. ಮತ್ತೆ ಹೋದರು, ಆಗಲೂ ಸಿಗಲಿಲ್ಲ. ಅದನ್ನೂ ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿದರು. ಇಲ್ಲಿ ಹೋಗಿ ಕೇಳಿದ್ದೇವೆ, ಇಲ್ಲ ಎಂದು ತಿಳಿಯುವುದೂ ಬೇಕಂತೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ತಾಯಿಫಿನಿಂದ ಬಾಹಾದಾಚೆಯವರೆಗೆ ಗುರುತುಗಳ ಒಂದು ಸಾಲೇ ಮೂಡಿತು. ವಿಜ್ಞಾನದ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಬರೆದವರ ಹೆಸರುಗಳಲ್ಲಿ ರಮ್ಲತ್ ಹೆಸರೂ ಇತ್ತು. ಅವಳ ಉಮ್ಮನಿಗೆ ಫೋನಿನಲ್ಲಿ ಕಳಿಸಿದರೆ, ಅವರು ಅದನ್ನು ಊರಿನ ಫ್ಯಾಮಿಲಿ ಗ್ರೂಪಿಗೆ ಹಾಕಿ, "ನನ್ನ ಮಗಳು ಬಾವಲಿ ಡಾಕ್ಟರು" ಎಂದು ಬರೆದರು. ರಮ್ಲತ್ ಎಷ್ಟು ತಿದ್ದಿದರೂ ಅವರು ಬದಲಾಯಿಸಲಿಲ್ಲ.

ತನ್ನ ಕಿವಿಯೂ ಒಂದು ದಿನ ಆ ಸ್ವರವನ್ನು ಬಿಟ್ಟುಕೊಡುತ್ತದೆ ಎಂಬುದು ರಮ್ಲತ್‌ಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಈಗ ನಲವತ್ತರ ಹತ್ತಿರ ಬಂದಿದ್ದಾಳೆ. ವರ್ಷಕ್ಕೊಮ್ಮೆ ಕ್ಲಿನಿಕ್ಕಿನ ಆ ಪುಟ್ಟ ಕೋಣೆಯಲ್ಲಿ ತಾನೇ ಕುಳಿತು ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ. ಕಳೆದ ಬಾರಿ ತೀರಾ ಸಣ್ಣ ಸ್ವರಗಳು ಸ್ವಲ್ಪ ಜಾರಿದ್ದವು. ಆ ಸಂಜೆ ಕೆಳಗೆ ಬಂದು ನನಗೆ ಹೇಳಿದಳು. ಬೇಸರವಾಯಿತಾ ಎಂದು ಕೇಳಿದೆ. "ಆಯಿತು ಮಾಮಿ," ಎಂದಳು. "ಆದರೆ ಅದನ್ನು ಕೇಳಬಲ್ಲ ಬೇರೆ ಜನರನ್ನು ಹುಡುಕಬೇಕು, ಅಷ್ಟೇ."

ಅವಳೂ ಅರ್ವಾ ಅವರೂ ಸೇರಿ ಆಸಕ್ತಿಯಿದ್ದ ಹೆಂಗಸರನ್ನು ಕೂಡಿಸಿದರು. ಮೊದಲು ಎಲ್ಲರ ಕಿವಿ ಪರೀಕ್ಷೆ, ಆಮೇಲೆ ಬೆಟ್ಟ. ಮೊನ್ನೆಯ ತಂಡದಲ್ಲಿ ಬಾಹಾದ ಶಾಲೆಯ ಒಬ್ಬ ಟೀಚರ್ ಇದ್ದರು, ತಾಯಿಫಿನ ಇಬ್ಬರು ನರ್ಸ್‌ಗಳಿದ್ದರು, ಪೇಟೆಯಲ್ಲಿ ಅಂಗಡಿ ಇಟ್ಟ ಭಟ್ಕಳದವರ ಸೊಸೆ ರುಕಯ್ಯಾ ಇದ್ದಳು. ಶಫಾದಲ್ಲಿ ಹಮ್ಮಾದರ ತೋಟದ ಕಲ್ಲುಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದೆವು. ನಾನು ಖರ್ಜೂರ ಹಂಚುವವಳು, ಅಷ್ಟಕ್ಕೆ ಮಾತ್ರ ಯೋಗ್ಯಳು. ಕತ್ತಲು ಇಳಿಯತೊಡಗಿತು. ಎಲ್ಲರೂ ಆಕಾಶಕ್ಕೆ ಕಿವಿಗೊಟ್ಟೆವು.

"ಅದೋ!" ಎಂದು ರುಕಯ್ಯಾ ಎದ್ದು ನಿಂತಳು. "ಅಲ್ಲಿ! ಆ ಜುನಿಪರ್ ಮರದ ಮೇಲೆ!"

ಎಲ್ಲರೂ ರಮ್ಲತ್ ಕಡೆ ತಿರುಗಿದರು. ಅವಳು ತಲೆ ವಾಲಿಸಿ ಕೇಳುತ್ತಿದ್ದಳು. ಅವಳಿಗೆ ಇನ್ನೂ ಕೇಳಿರಲಿಲ್ಲ. ಅರ್ವಾ ಪೆಟ್ಟಿಗೆ ತಿರುಗಿಸಿದರು, ಪರದೆಯಲ್ಲಿ ಗೀರು ಮೂಡಿತು. ಇನ್ನೂ ಒಂದು, ಮತ್ತೊಂದು.

ರಮ್ಲತ್ ಓಡಿಹೋಗಿ ರುಕಯ್ಯಾಳನ್ನು ಅಪ್ಪಿಕೊಂಡಳು. "ನನಗಿಂತ ಮೊದಲು ನಿನಗೆ ಕೇಳಿತು ಮಾರಾಯ್ತಿ!" ಎಂದಳು. ಆ ಬೆಟ್ಟದ ಮೇಲೆ ಅವಳಷ್ಟು ಖುಷಿಯಾಗಿ ನಗುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.